ಎಡಗಾಲಿನ ಅಳತೆ

ಜೂನ್ ೪

ಅಪ್ಪನಿಗೆ,

‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಪತ್ರ ಶುರುಮಾಡುವುದನ್ನು ನೀನೇ ಕಲಿಸಿದ್ದೆ. ಇಲ್ಲಿರುವವಳು ನಾನೊಬ್ಬಳೇ, ನಾನು ಕ್ಷೇಮವಾಗಿಲ್ಲ. ಆದ್ದರಿಂದ ಆ ಸಾಲು ಬಿಟ್ಟಿದ್ದೇನೆ.

ಚಿಕ್ಕಮ್ಮನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ ಎಂದು ಗೊತ್ತಿದ್ದೂ ಅವಳಿಗೆ ಹೇಳಿದ್ದು ನನ್ನದೇ ತಪ್ಪು. ಅವಳಿಂದ ವಿಷಯ ತಿಳಿದು ನೀನು ಮೊನ್ನೆ ಫೋನಿನಲ್ಲಿ ಕಿರುಚಿದೆ. ನಾನೂ ಕಿರುಚಿದೆ. ನಿನಗೆ ಫೋನಿನಲ್ಲಿ ಅರ್ಧ ಕೇಳಿಸುವುದಿಲ್ಲ, ಕೇಳಿಸಿದ ಅರ್ಧವನ್ನು ನೀನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರವಾದರೆ ನಾನು ಹೇಳಿ ಮುಗಿಸುವವರೆಗೆ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ.

ಎರಡು ವರ್ಷದ ಹಿಂದೆ ನನಗೆ ಗರ್ಭಕೋಶದ ಕ್ಯಾನ್ಸರ್ ಆಗಿತ್ತು. ಆಪರೇಷನ್ ಆಯಿತು. ರೋಗ ಹೋಯಿತು, ಈವರೆಗೆ ಮರಳಿ ಬಂದಿಲ್ಲ. ನಿನಗೆ ಯಾಕೆ ಹೇಳಲಿಲ್ಲ ಎಂದರೆ, ಅಮ್ಮ ತೀರಿಕೊಂಡ ವರ್ಷ ನೀನು ಹೇಗಿದ್ದೆ ಎಂಬುದು ನನಗೆ ನೆನಪಿದೆ. ಹದಿನೈದು ವರ್ಷದವಳು ನಾನು ಕ್ರೀಡಾ ಹಾಸ್ಟೆಲ್‌ನಿಂದ ಓಡಿಬಂದರೆ ನೀನು ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟು ಹೊಲಿಯುತ್ತಿದ್ದೆ. ‘ಜ್ವರ ಬಂದಿತ್ತು, ಹೋದಳು’ ಎಂದೆ. ಅಷ್ಟೇ. ಅಂಥವನಿಗೆ ಇನ್ನೊಂದು ಆಸ್ಪತ್ರೆ ತೋರಿಸಲು ನನಗೆ ಮನಸ್ಸು ಬರಲಿಲ್ಲ.

ಈಗ ಇರುವ ತೊಂದರೆ ಕಾಲಿನದು. ಆಪರೇಷನ್ ಆಗಿ ಎಂಟು ತಿಂಗಳಿಗೆ ಎಡ ಪಾದದ ಮೇಲೆ ಬೂಟಿನ ಗುರುತು ಸಂಜೆಯಾದರೂ ಹೋಗಲಿಲ್ಲ. ಆಮೇಲೆ ಕಣಕಾಲು ಕಾಣೆಯಾಯಿತು. ಈಗ ಮಂಡಿಯ ಮೇಲಕ್ಕೂ ಬಂದಿದೆ. ನೋವಿಗಿಂತ ಭಾರ ಹೆಚ್ಚು. ಒದ್ದೆ ಮರಳು ತುಂಬಿದ ಚೀಲವನ್ನು ಸೊಂಟಕ್ಕೆ ನೇತುಹಾಕಿಕೊಂಡು ನಡೆದ ಹಾಗೆ.

ಮೊದಲನೆಯ ಡಾಕ್ಟರು ಮೂತ್ರಕ್ಕೆ ಹೋಗುವ ಮಾತ್ರೆ ಕೊಟ್ಟರು. ದಿನಕ್ಕೆ ಹದಿನಾಲ್ಕು ಸಲ ಹೋದೆ, ಗಂಟಲು ಒಣಗಿತು, ಕಾಲು ಇದ್ದಷ್ಟೇ ಇತ್ತು. ಎರಡನೆಯವರು ನನ್ನ ಮುಖವನ್ನೂ ನೋಡದೆ ‘ತೂಕ ಇಳಿಸಿ’ ಎಂದರು. ಇಪ್ಪತ್ತು ವರ್ಷದಿಂದ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿರುವವಳಿಗೆ! ನನ್ನ ತೂಕ ಒಂದೇ ಕಾಲಿಗೆ ಹೋಗಿ ಕೂರುತ್ತದೆಯೇ? ಕೊನೆಗೆ ಆಪರೇಷನ್ ಮಾಡಿದ ದೊಡ್ಡ ಡಾಕ್ಟರ ಹತ್ತಿರವೇ ಹೋದೆ. ಅವರು ಕಾಲನ್ನು ಎರಡು ಬೆರಳಲ್ಲಿ ಮುಟ್ಟಿ, ‘ಗಂಟುಗಳನ್ನ ತೆಗೆದಿದ್ದೀವಲ್ಲಮ್ಮ, ಕೆಲವರಿಗೆ ಹೀಗಾಗತ್ತೆ. ಪ್ರಾಣ ಉಳೀತಲ್ಲ, ಅದಕ್ಕೆ ಖುಷಿಪಡಿ’ ಎಂದರು.

ಹೀಗಾಗುತ್ತದೆ ಎಂದು ಅವರಿಗೆ ಗೊತ್ತಿತ್ತು ಅಪ್ಪ. ಆಪರೇಷನ್‌ಗೆ ಮೊದಲೂ ಗೊತ್ತಿತ್ತು, ಮನೆಗೆ ಕಳಿಸುವಾಗಲೂ ಗೊತ್ತಿತ್ತು. ಮನೆಗೆ ಹೋಗುವಾಗ ಕೊಟ್ಟ ಕಾಗದದಲ್ಲಿ ಹೊಲಿಗೆ ಒದ್ದೆ ಮಾಡಬೇಡಿ, ಭಾರ ಎತ್ತಬೇಡಿ ಎಂದೆಲ್ಲ ಇತ್ತು. ಕಾಲು ಎಂಬ ಶಬ್ದ ಒಂದೇ ಒಂದು ಕಡೆಯೂ ಇರಲಿಲ್ಲ.

ಇದನ್ನು ಓದಿ ಫೋನ್ ಮಾಡಬೇಡ. ಬರೆ.

ಮಗಳು

*

ಜೂನ್ ೧೫

ಮಗಳು ಗುಂಡಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಮೂರು ಸಲ ಓದಿದೆ. ಅಂಗಡಿಗೆ ಬಂದ ಗಿರಾಕಿಯೊಬ್ಬ ‘ಯಾರ ಸಾವಿನ ಸುದ್ದಿ ಯಜಮಾನ್ರೇ’ ಎಂದ. ಅವನನ್ನು ಬೈದು ಕಳಿಸಿದೆ. ಅವನ ಕೋಟು ಇನ್ನೂ ಇಲ್ಲೇ ಇದೆ.

ನೀನು ಹೇಳಬೇಕಿತ್ತು. ನಾನು ಬರುತ್ತಿದ್ದೆ. ಬಂದು ಏನು ಮಾಡುತ್ತಿದ್ದೆ ಎಂದು ನೀನು ಕೇಳುತ್ತೀ. ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದೆ. ಅದೂ ಒಂದು ಕೆಲಸವೇ.

ಕಾಲನ್ನು ಬಿಸಿನೀರಿಗೆ ಉಪ್ಪು ಹಾಕಿ ಅದ್ದಿಡು. ಗಟ್ಟಿ ಬಟ್ಟೆಯಲ್ಲಿ ಬಿಗಿದು ಕಟ್ಟು. ನಿಲ್ಲಬೇಡ. ಬೆಳಿಗ್ಗೆ ಇಳಿದು ಸಂಜೆ ಏರುತ್ತದೆಯೇ? ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಅದು ಹಾಗೇ ಉಳಿಯುತ್ತದೆಯೇ, ಅಥವಾ ಈಗ ಗಟ್ಟಿಯಾಗಿ ಗುಳಿಯೇ ಬೀಳುವುದಿಲ್ಲವೇ? ಅದನ್ನು ಬರೆ.

ಇನ್ನೊಂದು. ಶಾಲೆಗೆ ಹಾಕಿಕೊಳ್ಳುವ ಪ್ಯಾಂಟು ಎಡಗಾಲಿಗೆ ಏರುತ್ತಿರಲಿಕ್ಕಿಲ್ಲ. ಎರಡೂ ಕಾಲಿನ ಅಳತೆ ಬೇರೆ ಬೇರೆ ತೆಗೆದು ಕಳಿಸು. ಪಾದದಿಂದ ಶುರುಮಾಡಿ ನಾಲ್ಕು ನಾಲ್ಕು ಬೆರಳಿಗೆ ಒಂದರಂತೆ ಸುತ್ತಳತೆ ಬೇಕು. ಟೇಪು ಬಿಗಿಯಬೇಡ, ಸಡಿಲವನ್ನೂ ಬಿಡಬೇಡ.

ಸಿಟ್ಟು ಮಾಡಿಕೊಂಡು ರಕ್ತ ಕೆಡಿಸಿಕೊಳ್ಳಬೇಡ. ದೊಡ್ಡ ಡಾಕ್ಟರು ಹೇಳಿದ್ದರಲ್ಲೂ ಸತ್ಯವಿದೆ. ಬದುಕಿದ್ದೀಯಲ್ಲ, ಸಾಕು.

ಅಪ್ಪ

*

ಜುಲೈ ೨

ಅಪ್ಪನಿಗೆ,

ಸಾಕು ಎಂದು ಬರೆಯಲು ನಿನಗೆ ಹೇಗೆ ಮನಸ್ಸಾಯಿತು? ಎಲ್ಲರೂ ಇದೇ ಮಾತು. ಡಾಕ್ಟರು, ಮನೆ ಮಾಲೀಕರ ಹೆಂಡತಿ, ಶಾಲೆಯ ಗುಮಾಸ್ತ, ಈಗ ನೀನು. ಬದುಕಿದವರು ಇನ್ನೇನನ್ನೂ ಕೇಳಬಾರದು ಎಂದು ಎಲ್ಲಿ ಬರೆದಿದೆ? ಮುಳುಗುತ್ತಿದ್ದವಳನ್ನು ಎತ್ತಿದವರು ಅವಳ ಕಾಲ ಮೇಲೆ ನಿಂತೇ ಇರಬಹುದೇ?

ಬಿಸಿನೀರಿನಲ್ಲಿ ಅದ್ದಿದೆ. ನಿನ್ನ ಮಾತು ಕೇಳಿದ್ದಕ್ಕೆ ಒಳ್ಳೆಯ ಬಹುಮಾನ ಸಿಕ್ಕಿತು. ಪಾದ ಕೆಂಪಗಾಗಿ ಇನ್ನೂ ಎರಡು ಬೆರಳಷ್ಟು ಊದಿತು. ಬೂಟು ಹಾಕಲಾಗದೆ ಎರಡು ದಿನ ರಜೆ ಹಾಕಿದೆ.

ಆದರೆ ಆ ರಜೆಯಲ್ಲೇ ಒಬ್ಬರು ಸಿಕ್ಕರು. ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ, ಕಿಟಕಿಯಿಲ್ಲದ ಒಂದು ಕೋಣೆ. ಬಾಗಿಲ ಮೇಲೆ ಫಲಕವೂ ಇಲ್ಲ. ಅಲ್ಲಿ ಒಬ್ಬ ನರ್ಸಮ್ಮ ಇದ್ದಾರೆ. ಅವರ ಕೆಲಸವೇ ಇದು. ಊದಿದ ಕೈಕಾಲುಗಳಿಗೆ ಪಟ್ಟಿ ಕಟ್ಟುವುದು. ನನ್ನ ಕಾಲನ್ನು ಮಡಿಲಲ್ಲಿ ಇಟ್ಟುಕೊಂಡು, ‘ಎಷ್ಟು ದಿನ ಆಯ್ತಮ್ಮ?’ ಎಂದರು. ‘ಒಂದು ವರ್ಷದ ಮೇಲಾಯ್ತು’ ಎಂದೆ. ‘ಯಾರೂ ಇಲ್ಲಿಗೆ ಕಳಿಸ್ಲಿಲ್ವಾ?’

‘ಯಾರೂ ಇಲ್ಲ. ಔಷಧಿ ಅಂಗಡಿಯವಳು ಹೇಳಿದ್ಲು.’

ಅವರು ತಲೆ ಕೊಡವಿಕೊಂಡು ಹೇಳಿದರು: ‘ಮೈಯೊಳಗೆ ಒಂದು ಸಣ್ಣ ಕಾಲುವೆ ಜಾಲ ಇರತ್ತೆ. ಮಾಂಸದಲ್ಲಿ ಉಳಿದ ನೀರನ್ನ ಮೇಲಕ್ಕೆ ವಾಪಸ್ ಒಯ್ಯೋದು ಅದರ ಕೆಲಸ. ಆಪರೇಷನ್‌ನಲ್ಲಿ ಹೊಟ್ಟೆ ಕೆಳಗಿನ ಗಂಟು ತೆಗೀತಾರೆ, ಅವೇ ಕಾಲುವೆ ಕೂಡೋ ಜಾಗ. ಕೂಡೋ ಜಾಗಾನೇ ಇಲ್ಲ ಅಂದ್ರೆ ನೀರು ಎಲ್ಲಿಗೆ ಹೋಗ್ಬೇಕು? ಕಾಲಲ್ಲೇ ನಿಲ್ಲತ್ತೆ. ಮಾತ್ರೆಯಿಂದ ಅದು ಹೋಗಲ್ಲ.’

‘ವಾಸಿ ಆಗತ್ತಾ?’

‘ಸುಳ್ಳು ಹೇಳಲ್ಲ. ಪೂರ್ತಿ ವಾಸಿ ಆಗಲ್ಲ. ಆದ್ರೆ ಹೇಳಿದ್ದನ್ನ ಕೇಳಿದ್ರೆ ಹತೋಟೀಲಿ ಇರತ್ತೆ. ಕುಣೀಬಹುದು, ಓಡಬಹುದು.’

ಅಪ್ಪ, ಹದಿನಾರು ತಿಂಗಳಲ್ಲಿ ಒಬ್ಬರಾದರೂ ನನಗೆ ನಿಜ ಹೇಳಿದರು ಎಂದು ಅಲ್ಲೇ ಅತ್ತುಬಿಟ್ಟೆ. ಅವರು ಅಳಲು ಬಿಟ್ಟು, ಪಕ್ಕದಲ್ಲಿ ಪಟ್ಟಿಗಳನ್ನು ಸುರುಳಿ ಸುತ್ತುತ್ತಾ ಕೂತರು.

ಈಗ ಮೂರು ವಾರದ ಪಟ್ಟಿ ನಡೆಯುತ್ತಿದೆ. ಮೊದಲು ಹಗುರವಾಗಿ ಚರ್ಮವನ್ನು ಮೇಲ್ಮುಖವಾಗಿ ಸವರುತ್ತಾರೆ. ಬೆಕ್ಕಿನ ಮೈ ಸವರಿದ ಹಾಗೆ, ಒತ್ತುವಂತಿಲ್ಲ. ಆಮೇಲೆ ಎಣ್ಣೆ, ಹತ್ತಿ, ಅದರ ಮೇಲೆ ಪಟ್ಟಿ. ಪಾದದ ಕಡೆ ಹೆಚ್ಚು ಬಿಗಿ, ಮೇಲೆ ಹೋದಂತೆ ಕಡಿಮೆ. ನೀನು ಹೇಳಿದ ಹಾಗೆ ಗಟ್ಟಿ ಬಟ್ಟೆ ಬಿಗಿದಿದ್ದರೆ ನೀರು ಇನ್ನೂ ಸಿಕ್ಕಿಹಾಕಿಕೊಳ್ಳುತ್ತಿತ್ತಂತೆ. ಪಟ್ಟಿ ಮುಗಿದಮೇಲೆ ದಿನವಿಡೀ ಬಿಗಿ ಕಾಲುಚೀಲ. ಕೂತಾಗ ಕಾಲು ಮೇಲಿರಬೇಕು. ನಡೆಯಬೇಕು, ನಿಂತುಕೊಂಡೇ ಇರಬಾರದು. ಬರಿಗಾಲಲ್ಲಿ ಓಡಾಡಬಾರದು. ಒಂದು ಗೀರು ಬಿದ್ದರೂ ತೊಳೆದು ಮದ್ದು ಹಚ್ಚಬೇಕು. ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಓಡಬೇಕು.

ನಾನು ಇಷ್ಟು ಕಲಿಯುವಷ್ಟರಲ್ಲಿ ಶಾಲೆಯಲ್ಲಿ ನನ್ನ ಸೀಟಿ ಕಿತ್ತುಕೊಂಡರು. ಹೆಡ್ ಮೇಡಂ ಕರೆದು, ‘ನೀವು ಸ್ವಲ್ಪ ದಿನ ಸ್ಟೋರ್ ರೂಮ್ ನೋಡ್ಕೊಳಿ, ನಿಮ್ಮ ಒಳ್ಳೇದಕ್ಕೇ’ ಎಂದರು. ನನ್ನ ಒಳ್ಳೆಯದಕ್ಕೆ ಅಂತೆ! ನಡೆಯಬೇಕಾದವಳನ್ನು ಒಡೆದ ಚೆಂಡುಗಳ ನಡುವೆ ಕೂರಿಸಿದ್ದಾರೆ.

ಅಳತೆ ಹಿಂದಿನ ಹಾಳೆಯಲ್ಲಿದೆ. ಬಲ ಮೀನಖಂಡ ಮೂವತ್ತಾರು ಸೆಂಟಿಮೀಟರು, ಎಡ ನಲವತ್ತೇಳು. ನೋಡಿ ಗಾಬರಿಯಾಗಬೇಡ.

ಬೆರಳೊತ್ತಿದರೆ ಗುಳಿ ಬೀಳುತ್ತದೆ, ಗಟ್ಟಿಯಾಗಿಲ್ಲ. ನರ್ಸಮ್ಮ ಕೇಳಿದ ಮೊದಲ ಪ್ರಶ್ನೆಯೂ ಇದೇ. ಪ್ಯಾಂಟು ಹೊಲಿಯುವ ನಿನಗೆ ಅದು ಹೇಗೆ ಗೊತ್ತು?

ಮಗಳು

*

ಜುಲೈ ೨೦

ಗುಂಡಿಗೆ ಆಶೀರ್ವಾದಗಳು.

ಎರಡು ಪ್ಯಾಂಟು ಕಳಿಸಿದ್ದೇನೆ. ನೀಲಿ ಒಂದು, ಬೂದು ಒಂದು. ಎಡಗಾಲಿನ ಒಳಹೊಲಿಗೆಯಲ್ಲಿ ಒಂದು ಉದ್ದ ತುಂಡು ಸೇರಿಸಿದ್ದೇನೆ, ಹೊರಗೆ ಕಾಣುವುದಿಲ್ಲ. ಒಳಗೆ ಎರಡು ಬೆರಳಷ್ಟು ಬಟ್ಟೆ ಉಳಿಸಿದ್ದೇನೆ, ಕಾಲು ಇಳಿದರೆ ಹಿಡಿಸಬಹುದು, ಏರಿದರೆ ಬಿಡಿಸಬಹುದು. ಇಳಿಯುತ್ತದೆ. ಹೊಲಿಗೆ ಚರ್ಮಕ್ಕೆ ತಾಗದಂತೆ ಅಂಚನ್ನು ಮಡಚಿ ಮೆತ್ತನೆಯ ಪಟ್ಟಿ ಕೊಟ್ಟಿದ್ದೇನೆ. ನಿನ್ನ ಅಳತೆಯ ಹಾಳೆಯನ್ನು ಬೇರೆಯವರ ಹಾಳೆಗಳ ಜೊತೆ ಇಟ್ಟಿಲ್ಲ.

ಬಿಸಿನೀರಿನ ವಿಷಯದಲ್ಲಿ ತಪ್ಪಾಯಿತು. ಗೊತ್ತಿಲ್ಲದೆ ಹೇಳಿದೆ.

ಹೆಡ್ ಮೇಡಂ ಜೊತೆ ಜಗಳಕ್ಕೆ ಹೋಗಬೇಡ. ನೀರಿನಲ್ಲಿದ್ದು ಮೊಸಳೆಯ ಜೊತೆ ದ್ವೇಷವೇಕೆ? ಸ್ಟೋರ್ ರೂಮಿನಲ್ಲೇ ಅತ್ತಿಂದಿತ್ತ ನಡೆ.

ಇಲ್ಲಿ ಕರೆಂಟು ಹೋಗಿಬಂದು ಮಾಡುತ್ತಿದೆ. ಎದುರುಮನೆಯ ಬಡಗಿ ಹಲ್ಲು ಕಟ್ಟಿಸಿಕೊಂಡಿದ್ದಾನೆ. ಬೇರೆ ವಿಶೇಷವಿಲ್ಲ.

ಅಪ್ಪ

*

ಆಗಸ್ಟ್ ೯

ಅಪ್ಪನಿಗೆ,

ನೀಲಿ ಪ್ಯಾಂಟು ಹಾಕಿಕೊಂಡೇ ಬರೆಯುತ್ತಿದ್ದೇನೆ. ಒಂದೂವರೆ ವರ್ಷದಲ್ಲಿ ಮೊದಲ ಸಲ ಒಂದು ಬಟ್ಟೆ ನನ್ನ ಕಾಲಿಗೆ ಬೈಯಲಿಲ್ಲ. ನರ್ಸಮ್ಮ ಒಳಹೊಲಿಗೆ ಮಗುಚಿ ನೋಡಿ, ‘ನಿಮ್ಮಪ್ಪನ್ನ ನಮ್ಮ ಕೋಣೆಗೆ ಕೆಲಸಕ್ಕೆ ಕಳಿಸಿ’ ಎಂದರು. ಎಡ ಮೀನಖಂಡ ಈಗ ನಲವತ್ತೊಂದು. ಆರು ಸೆಂಟಿಮೀಟರು ಇಳಿದಿದೆ!

ಸಂತೋಷದ ಸುದ್ದಿ ಇಷ್ಟೇ.

ಹೋದ ಸೋಮವಾರ ಒಬ್ಬ ತಾಯಿ ಶಾಲೆಗೆ ದೂರು ಕೊಟ್ಟಳಂತೆ. ಡ್ರಿಲ್ ಟೀಚರಿಗೆ ಆನೆಕಾಲು ರೋಗವಿದೆ, ಮಕ್ಕಳಿಗೆ ಅಂಟುತ್ತದೆ ಎಂದು. ಹೆಡ್ ಮೇಡಂ ಕರೆಸಿದರು. ಕೂರಲೂ ಹೇಳಲಿಲ್ಲ.

‘ಅಂಟುರೋಗ ಅಲ್ಲ ಅಂತ ಸರ್ಟಿಫಿಕೇಟ್ ತನ್ನಿ’ ಎಂದರು.

‘ಇದು ಆಪರೇಷನ್‌ನಿಂದ ಬಂದ ಊತ ಮೇಡಂ. ಆನೆಕಾಲು ಅಲ್ಲ. ಆನೆಕಾಲು ಆಗಿದ್ರೂ ಪಕ್ಕ ನಿಂತ್ರೆ ಅಂಟಲ್ಲ, ಅದು ಸೊಳ್ಳೆಯಿಂದ ಬರತ್ತೆ.’

‘ನನಗೆ ಪಾಠ ಮಾಡಬೇಡಿ. ಪೇರೆಂಟ್ಸ್‌ಗೆ ನಾನೇನ್ ಹೇಳ್ಲಿ?’

‘ನಾನೀಗ ಹೇಳಿದ್ದನ್ನೇ ಹೇಳಿ.’

‘ನೋಡಿ, ಮಕ್ಕಳು ನೋಡ್ತಾರೆ. ಆಟದ ಟೀಚರ್ ಅಂದ್ರೆ ಒಂದು ಲಕ್ಷಣ ಬೇಡ್ವಾ?’

ಆ ಮಾತಿಗೆ ನನ್ನ ಮೈ ಉರಿದುಹೋಯಿತು. ಇಪ್ಪತ್ತು ವರ್ಷ ಬಿಸಿಲಲ್ಲಿ ನಿಂತು ಆ ಶಾಲೆಯ ಕಪಾಟು ತುಂಬ ಪಂದ್ಯದ ಕಪ್ಪುಗಳನ್ನು ತುಂಬಿಸಿದವಳು ನಾನು. ಅವರ ಬೆನ್ನ ಹಿಂದೆಯೇ ಆ ಕಪಾಟಿತ್ತು. ಅದನ್ನು ತೋರಿಸಿ, ‘ಲಕ್ಷಣ ಅಲ್ಲಿದೆ ಮೇಡಂ’ ಎಂದು ಹೇಳಿ ಹೊರಗೆ ಬಂದೆ.

ಸರ್ಟಿಫಿಕೇಟಿಗೆ ಶಾಲೆ ಗೊತ್ತುಮಾಡಿದ ಡಾಕ್ಟರ ಬಳಿಗೇ ಹೋಗಬೇಕು ಎಂದು ನಿಯಮ. ಹೋದೆ. ಆತ ಪ್ಯಾಂಟು ಮೇಲೆತ್ತಲೂ ಹೇಳದೆ, ಕುರ್ಚಿಯಿಂದ ಏಳದೆ ಬರೆದ: ‘ಆನೆಕಾಲು ಇರಬಹುದು, ತಪಾಸಣೆ ಆಗಬೇಕು.’ ಆಪರೇಷನ್ ಕಾಗದ ಮುಂದಿಟ್ಟರೆ, ‘ಅದನ್ನೆಲ್ಲ ಓದೋಕೆ ಟೈಮ್ ಎಲ್ಲಿದೆ?’ ಎಂದ. ಆ ಚೀಟಿ ಈಗ ನನ್ನ ಫೈಲಿನಲ್ಲಿದೆ. ಸ್ಟೋರ್ ರೂಮಿನ ಕೆಲಸವೂ ಹೋಗಿ, ‘ತಪಾಸಣೆ ಮುಗಿಯುವವರೆಗೆ ಮನೆಯಲ್ಲಿರಿ’ ಎಂದು ಆದೇಶ ಬಂದಿದೆ.

ನೀನು ಮೊಸಳೆಯ ಮಾತು ಬರೆದಿದ್ದೆ. ಇದು ನನ್ನ ನೀರೂ ಹೌದು ಅಪ್ಪ. ಮೊಸಳೆ ಒಂದು ದಡಕ್ಕೆ ಸರಿಯಲಿ.

ಹೋದ ಪತ್ರದಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ನೀನು ಬಡಗಿಯ ಹಲ್ಲಿನ ವಿಷಯ ಬರೆದೆ.

ಮಗಳು

*

ಆಗಸ್ಟ್ ೩೦

ಅಪ್ಪನಿಗೆ,

ಆಸ್ಪತ್ರೆಯ ಮಂಚದ ಮೇಲಿಂದ ಬರೆಯುತ್ತಿದ್ದೇನೆ. ಗಾಬರಿ ಬೇಡ, ಗಂಡಾಂತರ ಕಳೆದಿದೆ.

ಮೊನ್ನೆ ಮಂಗಳವಾರ ಮಧ್ಯಾಹ್ನ ಇದ್ದಕ್ಕಿದ್ದಂತೆ ಚಳಿ ಹತ್ತಿತು. ಹಲ್ಲು ಕಟಕಟ ಎಂದವು. ಕಾಲುಚೀಲ ತೆಗೆದು ನೋಡಿದರೆ ಎಡ ಮೀನಖಂಡ ಕೆಂಪಗೆ, ಕಾದ ಹೆಂಚಿನ ಹಾಗೆ. ಕಿರುಬೆರಳ ಸಂದಿಯಲ್ಲಿ ಒಂದು ಸಣ್ಣ ಸೀಳು, ಅಷ್ಟೇ. ನಾನು ನೋಡಿಯೇ ಇರಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಗಣಿತದ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಪಾಠ ಬಿಟ್ಟು ಓಡಿಬಂದರು.

ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಹೊಸ ಡಾಕ್ಟರು, ‘ವೈರಲ್ ಜ್ವರ, ಎರಡು ದಿನ ಮಾತ್ರೆ ತಗೊಳಿ’ ಎಂದು ಚೀಟಿ ಬರೆಯತೊಡಗಿದರು. ನಾನು ಮೇಜಿನ ಮೇಲೆ ಕಾಲಿಟ್ಟೆ. ನಿಜವಾಗಿ, ಅವರ ಕಾಗದಗಳ ಮೇಲೇ ಇಟ್ಟೆ. ‘ಡಾಕ್ಟ್ರೇ, ಇದು ವೈರಲ್ ಅಲ್ಲ. ಇದು ಊತದ ಕಾಲಿಗೆ ಹತ್ತಿದ ನಂಜು. ನನಗೆ ಈಗಲೇ ಇಂಜೆಕ್ಷನ್ ಬೇಕು. ಕೊಡಲ್ಲ ಅಂದ್ರೆ, ಕೊಡಲ್ಲ ಅಂತ ಈ ಚೀಟೀಲಿ ಬರೆದು ಸಹಿ ಮಾಡಿ’ ಎಂದೆ. ಮೇಷ್ಟ್ರು ಹಿಂದಿನಿಂದ ‘ದಿನಾಂಕ, ಸಮಯ ಎರಡನ್ನೂ ಹಾಕಿ’ ಎಂದು ಸೇರಿಸಿದರು. ಹುಡುಗ ಡಾಕ್ಟರು ಬೆವೆತು, ಮೇಲಿನವರನ್ನು ಕರೆದರು. ಮೇಲಿನವರು ಕಾಲು ನೋಡಿದ್ದೇ ತಡ, ನನ್ನನ್ನು ಮಂಚಕ್ಕೆ ಹಾಕಿದರು. ಇವತ್ತು ನಾಲ್ಕನೆಯ ದಿನ. ಕೆಂಪು ಇಳಿಯುತ್ತಿದೆ.

ನೆಲಮಾಳಿಗೆಯಿಂದ ನರ್ಸಮ್ಮ ಮೇಲೆ ಬಂದಿದ್ದರು. ‘ಒಂದು ದಿನ ತಡ ಮಾಡಿದ್ರೆ ನಂಜು ರಕ್ತಕ್ಕೆ ಇಳೀತಿತ್ತು. ಹಿಂದೆಲ್ಲ ಎಷ್ಟೋ ಹೆಂಗಸರು ಹೀಗೇ ಹೋದ್ರು. ಮನೇಲಿ ಜ್ವರ ಅಂತ ಹೊದ್ದು ಮಲಗಿಸೋರು, ಮೂರು ದಿನಕ್ಕೆ ಮುಗೀತಿತ್ತು’ ಎಂದರು.

ಅವರು ಹೋದಮೇಲೆ ಗೋಡೆ ನೋಡುತ್ತಾ ಮಲಗಿದ್ದೆ. ಒಂದೊಂದೇ ನೆನಪಾಯಿತು. ಅಮ್ಮನಿಗೂ ಹೊಟ್ಟೆಯ ಆಪರೇಷನ್ ಆಗಿತ್ತು. ನಾನು ರಜೆಗೆ ಬಂದಾಗ ಅವಳು ಮೆಟ್ಟಿಲ ಮೇಲೆ ಒಂದು ಕಾಲನ್ನು ಎಳೆದು ಇಡುತ್ತಿದ್ದಳು. ಅವಳ ಪಾದವನ್ನು ನಾನು ಕೊನೆಯ ವರ್ಷ ನೋಡಿದ ನೆನಪೇ ಇಲ್ಲ.

ಅಪ್ಪ, ಅಮ್ಮನಿಗೆ ಏನಾಗಿತ್ತು?

ಹಲ್ಲು, ಕರೆಂಟು, ಕೋಟು ಏನೂ ಬೇಡ. ಇದಕ್ಕೆ ಮಾತ್ರ ಉತ್ತರ ಬರೆ.

ಮಗಳು

*

ಸೆಪ್ಟೆಂಬರ್ ೧೨

ಮಗಳೇ,

ನಾಲ್ಕು ಹಾಳೆ ಬರೆದು ಹರಿದೆ. ಇದು ಐದನೆಯದು.

ನಿನ್ನ ಅಮ್ಮನಿಗೂ ಇದೇ ಆಗಿತ್ತು. ಬಲಗಾಲು. ಆಪರೇಷನ್ ಆಗಿ ಒಂದು ವರ್ಷಕ್ಕೆ ಶುರುವಾಯಿತು. ಮೊದಮೊದಲು ಸಂಜೆ ಹೊತ್ತು ಮಾತ್ರ. ಹೆಬ್ಬೆರಳಲ್ಲಿ ಒತ್ತಿ ‘ನೋಡಿ, ಗುಳಿ ಹೇಗೆ ಬೀಳತ್ತೆ’ ಎಂದು ನಗುತ್ತಿದ್ದಳು. ಆಮೇಲೆ ಗುಳಿ ಬೀಳುವುದು ನಿಂತಿತು. ಕಾಲು ಮರದ ಹಾಗಾಯಿತು. ಡಾಕ್ಟರ ಹತ್ತಿರ ಹೋಗೋಣವೇ ಎಂದು ಒಂದು ಸಲ ಕೇಳಿದಳು. ಒಂದೇ ಸಲ. ‘ಕ್ಯಾನ್ಸರಿನಿಂದ ಉಳಿದು ಬಂದಿದೀಯ, ಕಾಲು ಊದಿದರೆ ಏನಂತೆ’ ಎಂದೆ. ಅವಳು ಮತ್ತೆ ಕೇಳಲಿಲ್ಲ.

ಬೀದಿಯ ಹೆಂಗಸರು ನೋಡುತ್ತಾರೆ ಎಂದು ಅವಳಿಗೆ ನಾಚಿಕೆ. ನನಗೂ ನಾಚಿಕೆಯಿತ್ತು, ಸುಳ್ಳು ಬರೆಯುವುದಿಲ್ಲ. ಅವಳ ಲಂಗಗಳನ್ನೆಲ್ಲ ಬಿಚ್ಚಿ ನೆಲ ಮುಟ್ಟುವ ಹಾಗೆ ಉದ್ದ ಮಾಡಿಕೊಟ್ಟೆ. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ. ಊರಿಗೆ ಕಾಣದ ಹಾಗೆ ಹೊಲಿದೆ, ಕೊನೆಗೆ ನನಗೂ ಕಾಣದಾಯಿತು.

ಒಂದು ಗುರುವಾರ ಚಳಿಜ್ವರ ಬಂತು. ಕಂಬಳಿ ಹೊದಿಸಿದೆ. ಜ್ವರದ ಮಾತ್ರೆ ಕೊಟ್ಟೆ. ‘ಕಾಲು ಉರೀತಿದೆ’ ಎಂದಳು. ಜ್ವರಕ್ಕೆ ಹಾಗೆ ಆಗುತ್ತದೆ ಎಂದೆ. ಮರುದಿನ ಕೊಡಬೇಕಾದ ಆರು ಪ್ಯಾಂಟಿತ್ತು, ಅಂಗಡಿಗೆ ಹೋದೆ. ಶನಿವಾರ ಅವಳಿಗೆ ನಾನು ಯಾರೆಂದು ಗೊತ್ತಾಗಲಿಲ್ಲ. ಭಾನುವಾರ ಹೋದಳು. ಮೈ ತೊಳೆಯುವಾಗ ಚಿಕ್ಕಮ್ಮ ಕರೆದು ಕಾಲು ತೋರಿಸಿದಳು. ತೊಡೆಯವರೆಗೆ ಕೆಂಪಾಗಿತ್ತು. ನಾನು ಬಟ್ಟೆ ಎಳೆದು ಮುಚ್ಚಿದೆ.

ನೀನು ಬಂದಾಗ ಯಂತ್ರದ ಮುಂದೆ ಕೂತಿದ್ದೆ ಎಂದು ಬರೆದಿದ್ದೀಯ. ಕೂತಿದ್ದೆ. ಅಲ್ಲಿಂದ ಎದ್ದರೆ ನಿನಗೆ ಹೇಳಬೇಕಾಗುತ್ತಿತ್ತು.

ನಿನ್ನ ಕಾಲಿನ ವಿಷಯ ಚಿಕ್ಕಮ್ಮ ಹೇಳಿದ ದಿನದಿಂದ ನನಗೆ ಅನ್ನ ಇಳಿಯುತ್ತಿಲ್ಲ. ಆದರೂ ನಿನಗೂ ಅದೇ ಮಾತು ಬರೆದೆ ನೋಡು. ಬದುಕಿದ್ದೀಯಲ್ಲ ಸಾಕು ಎಂದು. ನಾಲಿಗೆಗೆ ಬುದ್ಧಿ ಬರುವುದಿಲ್ಲ.

ಅಪ್ಪ

*

ಸೆಪ್ಟೆಂಬರ್ ೨೦

ಪತ್ರ ತಲುಪಿತು. ನಾನು ಮನೆಗೆ ಬಂದಿದ್ದೇನೆ, ಹುಷಾರಾಗಿದ್ದೇನೆ. ಈಗ ನನ್ನಿಂದ ಉತ್ತರ ಬರೆಯಲು ಆಗುವುದಿಲ್ಲ. ಸದ್ಯಕ್ಕೆ ಬರೆಯಬೇಡ.

ಮಗಳು

*

ಅಕ್ಟೋಬರ್ ೧೮

ಮಗಳೇ,

ಬರೆಯಬೇಡ ಎಂದಿದ್ದೆ. ಒಂದು ತಿಂಗಳು ಕಾದೆ. ಕ್ಷಮಿಸು ಎಂದು ಕೇಳಲು ಇದನ್ನು ಬರೆಯುತ್ತಿಲ್ಲ, ನಡೆದ ಒಂದು ಸಂಗತಿ ಹೇಳಲು.

ನಿನ್ನ ಅಮ್ಮನ ಆಪರೇಷನ್ ಆದ ಆಸ್ಪತ್ರೆಗೆ ಹೋಗಿದ್ದೆ. ಅವಳ ಕಾಗದ ಬೇಕು ಎಂದು ಕೇಳಿದೆ. ಕಿಟಕಿಯ ಒಳಗಿದ್ದ ಗುಮಾಸ್ತ, ‘ಯಜಮಾನ್ರೇ, ಇಪ್ಪತ್ತೊಂಬತ್ತು ವರ್ಷದ ಹಿಂದಿನದಾ? ಸುಟ್ಟು ಬೂದಿ ಮಾಡಿ ಎಷ್ಟೋ ವರ್ಷ ಆಯ್ತು’ ಎಂದ. ‘ಊತದ ಬಗ್ಗೆ ಅವಳಿಗೆ ಯಾಕೆ ಹೇಳಲಿಲ್ಲ ಎಂದು ಯಾರನ್ನ ಕೇಳಲಿ?’ ಎಂದೆ. ‘ಈಗ ಕೇಳಿ ಏನ್ ಮಾಡ್ತೀರಾ, ಹೋಗಿ ಆರಾಮಾಗಿರಿ’ ಎಂದ.

ಮಗಳೇ, ಆರಾಮಾಗಿರಿ ಎಂದದ್ದಕ್ಕೆ ನನಗೆ ಸಿಟ್ಟು ಬಂತು. ಕಿಟಕಿಯ ಹಲಗೆಯನ್ನು ಕೈಯಿಂದ ಗುದ್ದಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ‘ನನ್ನ ಹೆಂಡತಿ ಜ್ವರದಿಂದ ಸಾಯಲಿಲ್ಲ. ನಾವೆಲ್ಲ ಸೇರಿ ಬಾಯಿ ಮುಚ್ಚಿಕೊಂಡಿದ್ದರಿಂದ ಸತ್ತಳು. ಅದರಲ್ಲಿ ನಾನೂ ಒಬ್ಬ’ ಎಂದು ಕೂಗಿದೆ. ಕಾವಲಿನವನು ತೋಳು ಹಿಡಿದು ಹೊರಗೆ ತಂದು, ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟ. ಕೈ ಇನ್ನೂ ಊದಿದೆ. ಎರಡು ದಿನ ಕತ್ತರಿ ಹಿಡಿಯಲಾಗಲಿಲ್ಲ.

ಇಷ್ಟೇ. ಉತ್ತರ ಬೇಕೆಂದಿಲ್ಲ.

ಅಪ್ಪ

*

ಡಿಸೆಂಬರ್ ೭

ಅಪ್ಪನಿಗೆ,

ಮೊದಲು ಶಾಲೆಯ ವಿಷಯ. ನರ್ಸಮ್ಮನ ಮೇಲಿನ ಡಾಕ್ಟರಿಗೆ ಕಾಲು ತೋರಿಸಿ, ಆನೆಕಾಲು ಅಲ್ಲ ಎಂದು ಎರಡು ಪುಟದ ಪತ್ರ ಬರೆಸಿಕೊಂಡೆ. ಗಣಿತದ ಮೇಷ್ಟ್ರ ಜೊತೆ ಆಡಳಿತ ಮಂಡಳಿಯ ಮುಂದೆ ಹೋದೆ. ಕುರ್ಚಿಯಿಂದ ಏಳದೆ ಬರೆದ ಡಾಕ್ಟರ ಚೀಟಿಯನ್ನೂ ಈ ಪತ್ರವನ್ನೂ ಪಕ್ಕಪಕ್ಕ ಇಟ್ಟು, ‘ಇಬ್ಬರಲ್ಲಿ ನನ್ನ ಕಾಲು ನೋಡಿದವರು ಯಾರು ಅಂತ ಕೇಳಿ ನೋಡಿ’ ಎಂದೆ. ಅರ್ಧ ಗಂಟೆ ಗೊಣಗಿದರು. ಕೊನೆಗೆ ಮೈದಾನಕ್ಕೆ ಮರಳಿ ಕಳಿಸುವ ಆದೇಶ ಕೊಟ್ಟರು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಹೆಡ್ ಮೇಡಂ ಸೀಟಿಯನ್ನು ಕವರಿನಲ್ಲಿ ಹಾಕಿ ಜವಾನನ ಕೈಯಲ್ಲಿ ಕಳಿಸಿದರು, ಎದುರು ಬರಲಿಲ್ಲ. ಪಾಠಕ್ಕೊಮ್ಮೆ ಐದು ನಿಮಿಷ ಕೂತು ಕಾಲೆತ್ತಿ ಇಡಲು ಮೈದಾನದ ಅಂಚಿಗೆ ಒಂದು ಬೆಂಚು ಬೇಕು ಎಂದು ಬರೆದುಕೊಟ್ಟಿದ್ದೇನೆ. ಇನ್ನೂ ಬಂದಿಲ್ಲ. ಪ್ರತಿ ಸೋಮವಾರ ನೆನಪಿಸುತ್ತೇನೆ.

ಆಮೇಲೆ ದೊಡ್ಡ ಡಾಕ್ಟರ ಹತ್ತಿರ ಹೋದೆ. ‘ಪ್ರಾಣ ಉಳೀತು, ಖುಷಿಪಟ್ಟೆ. ಈಗ ಕಾಲಿನ ಮಾತಾಡೋಣ’ ಎಂದೆ. ಅವರು ಗಡಿಯಾರ ನೋಡಿದರು. ನಾನು ಕುರ್ಚಿ ಎಳೆದು ಕೂತೆ.

‘ನೂರರಲ್ಲಿ ಕೆಲವರಿಗೆ ಮಾತ್ರ ಆಗತ್ತೆ. ಎಲ್ಲರಿಗೂ ಹೇಳಿದ್ರೆ ಸುಮ್ಮನೆ ಹೆದರ್ತಾರೆ’ ಎಂದರು.

‘ಹೆದರ್ಲಿ ಡಾಕ್ಟ್ರೇ. ಹೆದರಿದೋರು ಕಾಲು ನೋಡ್ಕೊಳ್ತಾರೆ. ನಮ್ಮಮ್ಮನ್ನ ಯಾರೂ ಹೆದರಿಸ್ಲಿಲ್ಲ. ಜ್ವರ ಬಂದು ಮೂರು ದಿನಕ್ಕೆ ಹೋದ್ಲು.’

ಅವರು ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು. ಆಮೇಲೆ, ‘ಏನು ಹೇಳಬೇಕೋ ನೀವೇ ಒಂದು ಹಾಳೆಯಲ್ಲಿ ಬರೆದುಕೊಡಿ. ನೋಡ್ತೀನಿ’ ಎಂದರು. ಬರೆದೆ. ನರ್ಸಮ್ಮ ತಿದ್ದಿದರು. ಹೋದ ತಿಂಗಳಿಂದ ಆ ವಾರ್ಡಿನಿಂದ ಮನೆಗೆ ಹೋಗುವವರಿಗೆಲ್ಲ ಆ ಹಾಳೆ ಕೊಡುತ್ತಿದ್ದಾರೆ. ಹಾಳೆ ಕೊಟ್ಟರೆ ಅದನ್ನು ಮಡಚಿ ಚೀಲಕ್ಕೆ ತುರುಕುತ್ತಾರೆ ಎಂದು ಗೊತ್ತಾದ ಮೇಲೆ ಶನಿವಾರ ಮಧ್ಯಾಹ್ನ ನಾನೇ ಹೋಗುತ್ತಿದ್ದೇನೆ.

ನಿನ್ನೆ ಒಬ್ಬಾಕೆ ಮನೆಗೆ ಹೊರಟಿದ್ದಳು. ನಿನ್ನ ವಯಸ್ಸಿನ ಗಂಡ ಪಾತ್ರೆ, ಬಟ್ಟೆ ತುಂಬುತ್ತಿದ್ದ. ನಾನು ಕಾಲಿನ ಮಾತು ತೆಗೆದ ಕೂಡಲೇ, ‘ಅದೆಲ್ಲ ಆಮೇಲೆ ನೋಡೋಣ, ಈಗ ಗಾಡಿ ಕಾಯ್ತಿದೆ’ ಎಂದ. ನನಗೆ ಎಲ್ಲಿತ್ತೋ ಸಿಟ್ಟು. ‘ಗಾಡಿ ಕಾಯ್ಲಿ! ಕೂತ್ಕೊಳಿ ಇಲ್ಲಿ. ಇದನ್ನ ಇವರಿಗಿಂತ ಮೊದಲು ನೀವು ಕೇಳಬೇಕು’ ಎಂದು ಗದರಿಸಿದೆ. ಅವನು ಚೀಲ ಕೆಳಗಿಟ್ಟು ಕೂತ. ‘ನನಗೆ ಓದಕ್ಕೆ ಬರಲ್ಲ. ನೀವೇ ಓದಿ’ ಎಂದ. ಓದಿದೆ. ‘ಇನ್ನೊಂದ್ ಸಲ’ ಎಂದ. ಎರಡನೆಯ ಸಲ ಓದುವಾಗ ಪ್ರತಿ ಸಾಲನ್ನೂ ಅವನು ಬಾಯಲ್ಲಿ ಹೇಳಿಕೊಂಡ, ಪಾಠ ಒಪ್ಪಿಸುವ ಹಾಗೆ. ಹೆಂಡತಿ ನಗುತ್ತಿದ್ದಳು. ‘ಕೆಂಪಾಗಿ ಜ್ವರ ಬಂದರೆ ಒಂದು ಗಂಟೆಯೂ ಕಾಯಬಾರದು’ ಎನ್ನುವ ಸಾಲನ್ನು ಅವನು ಮೂರು ಸಲ ಹೇಳಿದ.

ಅವರು ಹೋದಮೇಲೆ ನಾನು ವಾರ್ಡಿನ ಹೊರಗೆ ಬಂದು ಬಿಕ್ಕಿಬಿಕ್ಕಿ ಅತ್ತೆ. ಅವನು ಕೇಳಿದ. ಯಾರೋ ಹೇಳಿದ್ದರಿಂದ ಕೇಳಿದ. ನಿನಗೆ ಯಾರೂ ಹೇಳಲಿಲ್ಲ ಎಂಬುದು ನಿಜ. ಅಮ್ಮ ಹೇಳಿದಳು, ಅದನ್ನು ನೀನು ಕೇಳಲಿಲ್ಲ ಎಂಬುದೂ ನಿಜ. ಮೂರು ತಿಂಗಳಿಂದ ಈ ಎರಡರಲ್ಲಿ ಯಾವುದು ದೊಡ್ಡದು ಎಂದು ತೂಗುತ್ತಿದ್ದೇನೆ. ತಕ್ಕಡಿ ನಿಲ್ಲುತ್ತಿಲ್ಲ.

ನನ್ನ ಸಿಟ್ಟು ಹೋಗಿಲ್ಲ ಅಪ್ಪ. ಅದು ಹೋಗಲಿ ಎಂದು ಕಾದರೆ ನಿನಗೆ ತೊಂಬತ್ತಾಗುತ್ತದೆ. ಆದ್ದರಿಂದ ಸಿಟ್ಟನ್ನೂ ಕರೆದುಕೊಂಡೇ ಬರುತ್ತಿದ್ದೇನೆ. ಇಪ್ಪತ್ತೆರಡಕ್ಕೆ ಹೊರಡುತ್ತೇನೆ. ಒಂದೇ ಸಮ ಕೂರುವಂತಿಲ್ಲ, ದಾರಿಯಲ್ಲಿ ಎರಡು ಕಡೆ ಇಳಿದು ನಡೆದು ಬೇರೆ ಬಸ್ಸು ಹಿಡಿಯುತ್ತೇನೆ, ತಡವಾದರೆ ಗಾಬರಿಯಾಗಬೇಡ. ನಾನು ಮಲಗುವ ಮಂಚದ ಕಾಲಕಡೆಗೆ ಎರಡು ಇಟ್ಟಿಗೆ ಕೊಟ್ಟು ಎತ್ತರ ಮಾಡಿಡು.

ಆರು ದಿನ ರಜೆಯಿದೆ. ಮೊದಲ ಎರಡು ದಿನ ಜಗಳವಾಡೋಣ. ನಾನು ಕೂಗುತ್ತೇನೆ, ನೀನು ಎದ್ದು ಅಂಗಡಿಗೆ ಹೋಗುವಂತಿಲ್ಲ. ಉಳಿದ ನಾಲ್ಕು ದಿನ ಅಮ್ಮನ ವಿಷಯ ಹೇಳು. ಕಾಲಿನದಲ್ಲ, ಅದು ಸಾಕು. ಅವಳು ಏನು ಹಾಡುತ್ತಿದ್ದಳು, ಯಾವುದಕ್ಕೆ ನಗುತ್ತಿದ್ದಳು, ನಿನ್ನನ್ನು ಏನೆಂದು ಬೈಯುತ್ತಿದ್ದಳು, ಅದೆಲ್ಲ.

ಮಗಳು